ನೋಡದೆ ಹೇಳಿದ ಮಾತು

ನಮ್ಮ ಸರ್ ಮುಖವನ್ನು ಕಂಪ್ಯೂಟರಿನ ಪರದೆಗೆ ಎಷ್ಟು ಹತ್ತಿರ ಒಯ್ಯುತ್ತಿದ್ದರೆಂದರೆ, ಅವರು ಎದ್ದುಹೋದ ಮೇಲೆ ಗಾಜಿನ ಮೇಲೆ ಮೂಗಿನ ಗುರುತು ಉಳಿಯುತ್ತಿತ್ತು. ಅಲ್ಲಿ ಕೂರುವವರು ದುಪಟ್ಟಾದ ತುದಿಯಿಂದ ಅದನ್ನು ಒರೆಸಿಕೊಂಡು ಕೆಲಸ ಶುರು ಮಾಡಬೇಕು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಅದು ನಮಗೆ ಗೊತ್ತಿತ್ತು. ಊರಿಗೆ ಗೊತ್ತಾಗಬಾರದು ಎಂಬುದೂ ಗೊತ್ತಿತ್ತು. ಕಣ್ಣು ಕಾಣದ ಮಾಸ್ತರರ ಹತ್ತಿರ ಕಂಪ್ಯೂಟರ್ ಕಲಿಯಲು ಮಕ್ಕಳನ್ನು ಯಾರು ಕಳಿಸಿಯಾರು?

ರಾಣೇಬೆನ್ನೂರಿನಲ್ಲಿ ಒಂದು ಬೀಜದಂಗಡಿಯ ಮಹಡಿಯ ಮೇಲೆ ಅವರ ತರಬೇತಿ ಕೇಂದ್ರ. ಐದು ಕಂಪ್ಯೂಟರು, ಒಂದು ಕರಿಹಲಗೆ. ಬಿ.ಎ. ಮುಗಿಸಿದ್ದ ನಾನು ಕದರಮಂಡಲಗಿಯಿಂದ ದಿನಾ ಬಸ್ಸಿಗೆ ಬಂದು ಅಲ್ಲಿ ಪಿಎಚ್‌ಪಿ ಕಲಿಯುತ್ತಿದ್ದೆ. ವೆಬ್‌ಸೈಟಿನಲ್ಲಿ ಜನ ತುಂಬುವ ಫಾರ್ಮಿನ ಹಿಂದೆ ಕೂತು ದುಡಿಯುವ ಭಾಷೆ ಅದು ಎಂಬುದಷ್ಟೇ ಆಗ ನನಗಿದ್ದ ತಿಳಿವಳಿಕೆ. ಮೊದಲ ದಿನ ಸರ್ ನನ್ನ ಹೆಸರನ್ನು ಪರದೆಗೆ ತರುವ ಒಂದೇ ಸಾಲು ಬರೆಸಿದರು. ಹೆಸರು ಬರಲಿಲ್ಲ. ಕಂಪ್ಯೂಟರನ್ನೇ ಕೆಡಿಸಿದೆನೆಂದು ನಾನು ಕೈ ಹಿಂದಕ್ಕೆಳೆದುಕೊಂಡೆ.

"ಏನ್ ಕಾಣಸ್ತೈತಿ ತಂಗಿ?" ಎಂದರು.

"ತಪ್ಪಾಗೇತ್ರಿ ಸರ್."

"ಅದು ನಿನಗ ಅನಿಸಿದ್ದು. ಕಂಡದ್ದೇನು, ಅದನ್ನ ಹೇಳು."

"ಏನೂ ಇಲ್ರಿ. ಬಿಳೇ ಹಾಳಿ."

"ಹಾಂ. ಈಗ ಬರದದ್ದನ್ನ ಓದು. ಒಂದ ಚುಕ್ಕಿ ಸೈತ ಬಿಡಬ್ಯಾಡ."

ಓದಿದೆ. ಹೆಸರಿನ ಮೊದಲಿಗೆ ಉದ್ಧರಣ ಚಿಹ್ನೆ ಹಾಕಿದ್ದೆ, ಕೊನೆಗೆ ಹಾಕಿರಲಿಲ್ಲ. "ಬಾಗಿಲಾ ತಗದು ಒಳಗ ಬಂದಿ, ಮುಚ್ಚೂದು ಮರತಿ ನೋಡು," ಎಂದು ನಕ್ಕರು.

ಅವರು ಕಲಿಸುತ್ತಿದ್ದುದೇ ಹೀಗೆ. ನಾವು ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಬಾಯಲ್ಲೇ ಗುನುಗಿದರೆ ಸಿಟ್ಟು ಬರುತ್ತಿತ್ತು. ಎಲ್ಲಿ ತಪ್ಪಿದೆವೆಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಬರಬರುತ್ತ ತಮ್ಮ ಕೆಲಸ ಓದಿಸಿಕೊಳ್ಳಲು ನನ್ನನ್ನೇ ಹೆಚ್ಚು ಕರೆಯತೊಡಗಿದರು. ನನಗೆ ಅದರ ಜಂಬ ಬೇರೆ.

ಹಾವೇರಿಯ ಒಂದು ಖಾಸಗಿ ಹುಡುಗಿಯರ ಹಾಸ್ಟೆಲ್‌ನವರು, ಪ್ರವೇಶದ ಅರ್ಜಿಯನ್ನು ಫೋನಿನಲ್ಲೇ ತುಂಬುವಂತೆ ಒಂದು ಪುಟ ಮಾಡಿಕೊಡಲು ಕೇಳಿದರು. ಸರ್ ಆ ಕೆಲಸವನ್ನು ನನಗೇ ಕೊಟ್ಟರು. ನಮ್ಮ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ನಡೆಯಿತು. ಹಾಸ್ಟೆಲ್‌ನವರ ಸರ್ವರಿಗೆ ಏರಿಸಿದ ದಿನ, "ಒಂದು ಅರ್ಜಿ ನೀನ ತುಂಬು. ಆಮ್ಯಾಲ ಒಳಗಿನ ಪಟ್ಟಿ ತಗದು, ಅದು ಬಂದು ಕುಂತೈತೇನು ನೋಡಿ ಹೇಳು," ಎಂದರು. ತುಂಬಿದೆ. "ನಿಮ್ಮ ಅರ್ಜಿ ತಲುಪಿದೆ" ಎಂದು ಪರದೆ ಹೇಳಿತು. ಊರಿನ ಬಸ್ಸಿಗೆ ಹತ್ತೇ ನಿಮಿಷವಿತ್ತು. ಪಟ್ಟಿ ತೆಗೆಯಲಿಲ್ಲ.

"ಬಂದೈತೇನವಾ?"

"ಬಂದೈತ್ರಿ ಸರ್."

ಅರ್ಜಿ ಉಳಿಯಲಿ ಬಿಡಲಿ ಆ ವಾಕ್ಯ ಮೂಡುವ ಹಾಗೆ ಬರೆದವಳು ನಾನೇ. ಹಾಸ್ಟೆಲ್‌ನ ಸರ್ವರಿಗೆ ಪಾಸ್‌ವರ್ಡ್ ಬೇರೆ ಇತ್ತು; ನಾನು ಪುಟದೊಳಗೆ ನಮ್ಮ ಕಂಪ್ಯೂಟರಿನದನ್ನೇ ಬಿಟ್ಟಿದ್ದೆ, ಹಾಗಾಗಿ ಅರ್ಜಿಗಳು ಪಟ್ಟಿಗೆ ಸೇರುತ್ತಿರಲಿಲ್ಲ. ಒಂಬತ್ತು ದಿನ ಹುಡುಗಿಯರು ತಮ್ಮ ತಮ್ಮ ಊರಲ್ಲಿ ಕೂತು ಅರ್ಜಿ ತುಂಬಿದರು. ಒಂದೂ ಉಳಿಯಲಿಲ್ಲ. ಕಾಗದದ ಅರ್ಜಿ ಹಿಡಿದು ಬಂದವರಿಂದಲೇ ಕೋಣೆಗಳೆಲ್ಲ ಭರ್ತಿಯಾದವು.

ಹತ್ತನೆಯ ದಿನ ಹಾಸ್ಟೆಲ್‌ನ ಮ್ಯಾನೇಜರ್ ಮಹಡಿ ಹತ್ತಿ ಬಂದು ಫೋನ್ ಮುಂದೆ ಹಿಡಿದರು. "ಗುತ್ತಲ ಕಡಿ ಹುಡುಗಿ ಒಬ್ಬಾಕಿ ಇದರ ಫೋಟೋ ಕಳಸ್ಯಾಳ್ರಿ. ತಲುಪೇತಿ ಅಂತ ಐತಿ. ನಮ್ಮ ಪಟ್ಟ್ಯಾಗ ಒಬ್ಬರ ಹೆಸರೂ ಇಲ್ಲ. ಇನ್ನ ಎಷ್ಟೋ ಹುಡುಗೇರು ಬಂದು ಅತ್ತು ಹೋಗ್ಯಾರ."

ಸರ್ ನಾನಿದ್ದ ದಿಕ್ಕಿಗೆ ಮುಖ ತಿರುಗಿಸಿದರು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಕಾದು ಅವರೇ ಹೇಳಿದರು: "ತಪ್ಪು ನಂದ್ರಿ. ನನಗ ಕಣ್ಣು ಕಾಣಂಗಿಲ್ಲ. ನೋಡಲಾರದ ಹಾಕಿಬಿಟ್ಟೆ."

ವರ್ಷಗಟ್ಟಲೆ ಮುಚ್ಚಿಟ್ಟಿದ್ದನ್ನು ನನ್ನ ಸಲುವಾಗಿ ಅವರು ಬಿಚ್ಚಿಟ್ಟರು. ಮಾತು ಊರೆಲ್ಲ ಹಬ್ಬಿತು. ಎರಡು ತಿಂಗಳಲ್ಲಿ ಕಲಿಯುವವರೆಲ್ಲ ಬಿಟ್ಟುಹೋಗಿ ಕೇಂದ್ರದ ಬಾಗಿಲು ಮುಚ್ಚಿತು. ನಾನು ಅವರು ಕಲಿಸಿದ ವಿದ್ಯೆ ಹೇಳಿಕೊಂಡು ಬ್ಯಾಡಗಿಯ ಒಂದು ಕಚೇರಿಯಲ್ಲಿ ಕೆಲಸ ಹಿಡಿದೆ. ಇಷ್ಟು ಹೇಡಿಯಾಗಿ ನಾನು ಹಿಂದೆಂದೂ ನಡೆದುಕೊಂಡಿರಲಿಲ್ಲ.

ಎರಡು ವರ್ಷದ ನಂತರ ಅವರ ಮನೆಗೆ ಹೋದೆ. ಅಷ್ಟರಲ್ಲಿ ಅವರಿಗೆ ಬೆಳಕೂ ಕಾಣುತ್ತಿರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ.

"ಕುಂದ್ರು," ಎಂದರು. "ನನ್ನ ಕಣ್ಣು ಹೆಂಗೂ ಹೋಗೂವ ಇದ್ದವು, ಅದು ಬಿಡು. ಆ ಹುಡುಗೇರಿಗೆ ಹೇಳಿದೇನು?"

"ಇಲ್ರಿ ಸರ್."

"ಮತ್ತ ನನಗ್ಯಾಕ ಹೇಳಾಕತ್ತಿ? ಹೋಗಿ ಅವರಿಗೆ ಹೇಳು."

ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಹೋಗುತ್ತೇನೆ ಎಂದೆ. ಹೋಗಲಿಲ್ಲ. ಕಚೇರಿಯ ಕೆಲಸ, ತಂಗಿಯ ಬಾಣಂತನ ಎಂದು ಏನಾದರೊಂದು ನೆಪ ಸಿಗುತ್ತಲೇ ಇತ್ತು. ಹೀಗೇ ಒಂದು ವರ್ಷ ಕಳೆಯಿತು. ಆ ವರ್ಷದ ಕೊನೆಗೆ ಸರ್ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮರುದಿನವೇ ಮ್ಯಾನೇಜರರಿಗೆ ಫೋನ್ ಮಾಡಿ, ಫೋಟೋ ಕಳಿಸಿದ ಹುಡುಗಿಯ ನಂಬರ್ ಕೇಳಿ ತೆಗೆದುಕೊಂಡೆ.

ಗುತ್ತಲದಿಂದ ಆಚೆ ಅವಳ ಊರು. ಬೀಜದ ಹತ್ತಿಯ ಹೊಲದಲ್ಲಿ ಹೂವಿಗೆ ಹೂವು ತಾಗಿಸುವ ಕ್ರಾಸಿಂಗ್ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಬೆರಳ ತುಂಬ ಹಳದಿ ಪುಡಿ. ನಾನು ಹೇಳಿದ್ದನ್ನೆಲ್ಲ ಅದನ್ನು ಉಜ್ಜಿಕೊಳ್ಳುತ್ತ ಕೇಳಿದಳು.

"ಹಾಸ್ಟೆಲ್‌ನವರು ನಾನ ಏನೋ ತಪ್ಪು ಒತ್ತೀನಿ ಅಂದಿದ್ರು ಅಕ್ಕಾರ," ಎಂದಳು. "ಒಂದು ಫಾರ್ಮ್ ತುಂಬಾಕ ಬರಂಗಿಲ್ಲ, ಹಾವೇರ್ಯಾಗ ಏನ್ ಓದ್ತಿ ಅಂತ ನಮ್ಮಪ್ಪ ಕಾಲೇಜಿಗೆ ಕಳಸಲಿಲ್ಲ. ನಾನೂ ಹಂಗ ತಿಳಕೊಂಡಿದ್ದೆ."

ಸರ್ ಒಪ್ಪಿಕೊಂಡ ಮಾತನ್ನು ಮ್ಯಾನೇಜರ್ ಈ ಹುಡುಗಿಯರಿಗೆ ಮುಟ್ಟಿಸಿಯೇ ಇರಲಿಲ್ಲ.

ಅವಳು ಎದ್ದು ಒಳಗಿನ ಬಾಗಿಲಿಗೆ ಹೋದಳು. "ಅಪ್ಪಾ, ಹೊರಗ ಬಾ. ಇವರು ನಿನಗೊಂದು ಮಾತು ಹೇಳಾಕ ಬಂದಾರ."

ಅಪ್ಪನ ಮುಂದೆ ಇನ್ನೊಮ್ಮೆ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಮಗಳ ಕಡೆ ನೋಡಲಾಗದೆ ಕಟ್ಟೆಯ ಮೇಲೆ ಕೂತರು. "ಇಷ್ಟ ದಿನ ಯಾಕ ಬರಲಿಲ್ಲವಾ ನೀನು?" ಎಂದರು.

ಹುಡುಗಿಯರಿಗೆ ಹೇಳು ಎಂದಿದ್ದರು ಸರ್. ಒಬ್ಬಳಿಗೆ ಹೇಳಿದ್ದೇನೆ. ಉಳಿದವರು ಎಷ್ಟು ಜನ, ಯಾವ ಯಾವ ಊರವರು, ತಾವೇ ತಪ್ಪು ಮಾಡಿದೆವೆಂದು ಇನ್ನೂ ಯಾರ ಯಾರಿಂದ ಬೈಸಿಕೊಳ್ಳುತ್ತಿದ್ದಾರೆ, ನನಗೆ ಗೊತ್ತಿಲ್ಲ. ಅವರ ಹೆಸರುಗಳು ಎಲ್ಲೂ ಉಳಿದಿಲ್ಲ.