ಎತ್ತಬೇಡ ಎಂದಿದ್ದ ಕೈ

ಒಮಾನಿನ ಬರ್ಕಾದಲ್ಲಿ ನಮ್ಮ ಕಡೆಯವರ ಮನೆಗೆ ಯಾವ ಫಾರ್ಮ್ ಬಂದರೂ ಮೊದಲ ಫೋನು ನನಗೆ ಬರುತ್ತದೆ. ಇಪ್ಪತ್ತು ವರ್ಷಗಳಿಂದ ಒಂದು ಲಾರಿ ಕಂಪೆನಿಯ ಆಫೀಸಿನಲ್ಲಿ ಕೂತು ಡ್ರೈವರುಗಳ ವೀಸಾ, ಇನ್ಶೂರೆನ್ಸ್, ಅಪಘಾತದ ಕಾಗದಗಳನ್ನು ನೋಡಿಕೊಳ್ಳುತ್ತಿರುವವನು ನಾನು. ಯಾವ ಕೌಂಟರಿನಲ್ಲಿ ಏನು ಕೇಳುತ್ತಾರೆ, ಯಾವ ಕಾಗದಕ್ಕೆ ಯಾವ ಮೊಹರು ಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ಈ ವಿಷಯದಲ್ಲಿ ಸ್ವಲ್ಪ ಜಂಬವೂ ಇತ್ತು. ಸ್ವಲ್ಪ ಅಲ್ಲ, ಸಾಕಷ್ಟೇ ಇತ್ತು. ಯಾರಾದರೂ ಫಾರ್ಮ್ ತಪ್ಪು ತುಂಬಿಸಿ ತಂದರೆ ಮುಖಕ್ಕೇ ಬಯ್ಯುತ್ತಿದ್ದೆ, ಆಮೇಲೆ ಸರಿ ಮಾಡಿ ಕೊಡುತ್ತಿದ್ದೆ. ಬೈಸಿಕೊಂಡವರು ಮುಂದಿನ ಸಲವೂ ನನ್ನ ಹತ್ತಿರವೇ ಬರುತ್ತಿದ್ದರು.

ನನ್ನ ತಮ್ಮ ಸೂರ್‌ನಲ್ಲಿ ದೋಣಿ ರಿಪೇರಿಯ ಒಂದು ವರ್ಕ್‌ಶಾಪಿನಲ್ಲಿದ್ದ. ಫೈಬರ್ ದೋಣಿಗಳ ಒಡಕು ಮುಚ್ಚುವ ಕೆಲಸ. ಮೂರು ವರ್ಷಗಳ ಹಿಂದೆ, ದಡಕ್ಕೆ ಎಳೆದು ನಿಲ್ಲಿಸಿದ್ದ ದೋಣಿಯೊಂದರ ಅಂಚಿನಿಂದ ಕಾಲು ಜಾರಿ ಕೆಳಗೆ ಬಿದ್ದ. ತಲೆಗೆ ಪೆಟ್ಟು. ಹನ್ನೊಂದು ದಿನ ಪ್ರಜ್ಞೆ ಇರಲಿಲ್ಲ. ಕಣ್ಣು ಬಿಟ್ಟಾಗ ಮಾತು ನಿಧಾನವಾಗಿತ್ತು, ಬಲಗಾಲು ಎಳೆಯುತ್ತಿತ್ತು, ಬಲಗೈ ಮಾತ್ರ ಯಾರದೋ ವಸ್ತುವಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನನ್ನು ಬರ್ಕಾದ ನನ್ನ ಫ್ಲ್ಯಾಟಿಗೆ ಕರೆತಂದೆ, ಅಲ್ಲಿಂದ ಫಿಸಿಯೋಥೆರಪಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಊರಿನಿಂದ ಅವನ ಹೆಂಡತಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿದೆ. ನನ್ನ ಹೆಂಡತಿ ಮಗಳ ಕಾಲೇಜಿಗಾಗಿ ಮಂಗಳೂರಿನಲ್ಲಿದ್ದುದರಿಂದ ಮನೆಯಲ್ಲಿ ನಾವು ಮೂರೇ ಜನ.

ಕೆಲಸದ ಜಾಗದಲ್ಲಿ ಪೆಟ್ಟಾದವರಿಗೆ ಪರಿಹಾರ ಸಿಗಬೇಕಾದರೆ ಮೆಡಿಕಲ್ ಬೋರ್ಡಿನ ಎದುರು ಹೋಗಬೇಕು. ದೇಹ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬಾರದಾಗಿದೆ ಎಂಬುದನ್ನು ಡಾಕ್ಟರುಗಳು ಶೇಕಡಾ ಇಷ್ಟು ಎಂದು ಬರೆಯುತ್ತಾರೆ. ಅದು ಹೆಚ್ಚಾದಷ್ಟೂ ಪರಿಹಾರ ಹೆಚ್ಚು. ತಮ್ಮನನ್ನು ಮೀಯಿಸಲು, ಉಣಿಸಲು, ಶೌಚಕ್ಕೆ ಕೂರಿಸಲು ಒಬ್ಬರು ಬೇಕೇಬೇಕು. ಊರಿಗೆ ಹೋದ ಮೇಲೆ ಅವನ ಹೆಂಡತಿ ಒಬ್ಬಳೇ ಇದನ್ನೆಲ್ಲ ಮಾಡಿ, ದುಡಿದು, ಅಲ್ಲೇ ಬಿಟ್ಟು ಬಂದಿದ್ದ ಇಬ್ಬರು ಮಕ್ಕಳನ್ನೂ ನೋಡಿಕೊಳ್ಳುವುದು ಆಗದ ಮಾತು. ಹೋಮ್ ನರ್ಸ್ ಇಡಬೇಕು, ವರ್ಷಗಟ್ಟಲೆ ಇಡಬೇಕು. ಅದಕ್ಕೆ ನಮಗೆ ಕಾಣುತ್ತಿದ್ದ ದಾರಿ ಬೋರ್ಡು ಬರೆಯುವ ಆ ಶೇಕಡಾ ಒಂದೇ. ತಾರೀಕು ಸಿಕ್ಕಿತು, ಐದು ವಾರ ದೂರ ಇತ್ತು. ನಾನು ಫೈಲು ಕಟ್ಟತೊಡಗಿದೆ.

ಒಂದು ಶುಕ್ರವಾರ ಮಧ್ಯಾಹ್ನ ತಮ್ಮನ ಹೆಂಡತಿ ಅವನಿಗೆ ಗಂಜಿ ಉಣಿಸುತ್ತಿದ್ದಳು. ಖರ್ಜೂರದ ಕಾಲ, ಮನೆ ತುಂಬ ನೊಣ. ಒಂದು ನೊಣ ಅವನ ಮೂಗಿನ ಮೇಲೆ ಕೂತಿತು. ಅವನ ಬಲಗೈ ಮಡಿಲಿನಿಂದ ಎದ್ದಿತು. ಎದೆಯವರೆಗೆ ಬಂದು, ನಡುಗಿ, ಮತ್ತೆ ಕೆಳಗೆ ಬಿತ್ತು.

"ಭಾವ, ನೋಡಿದ್ರಾ? ಕೈ ಬಂತು! ಕೈ ಬಂತು ಭಾವ!" ಎಂದು ಅವಳು ಚಮಚ ಅಲ್ಲೇ ಬಿಟ್ಟು ಅಳತೊಡಗಿದಳು. ತಮ್ಮ ತನ್ನ ಕೈಯನ್ನೇ ನೋಡುತ್ತಾ ನಗುತ್ತಿದ್ದ. ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ನನಗೆ ಮೊದಲು ನೆನಪಾದದ್ದು ಬೋರ್ಡಿನ ತಾರೀಕು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಸಂತೋಷ ಆಗಲಿಲ್ಲ ಎಂದಲ್ಲ. ಅದು ಆಮೇಲೆ ಆಯಿತು.

ಸಂಜೆ ಅವನ ಪಕ್ಕದಲ್ಲಿ ಕೂತು ಹೇಳಿದೆ: "ಬೋರ್ಡ್ ಆಗುವವರೆಗೆ ಆ ಕೈ ಎತ್ತಬೇಡ."

"ಎತ್ತಬಾರ್ದಾ?"

"ಆಸ್ಪತ್ರೆಯಲ್ಲಿಯೂ ಎತ್ತಬೇಡ. ಆ ಫಿಸಿಯೋ ಹುಡುಗಿ ಕಂಡದ್ದೆಲ್ಲ ಬರೀತಾಳೆ. ಅವಳು ಬರೆದದ್ದು ಬೋರ್ಡಿಗೆ ಹೋಗ್ತದೆ. ಗೊತ್ತಾಯ್ತಾ?"

ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ದಿನಾ ವ್ಯಾಯಾಮ ಮಾಡ್ಲೇಬೇಕು ಅಂತ ಅವರು ಹೇಳಿದ್ದಲ್ವಾ ಭಾವ? ಈಗ ಬಿಟ್ರೆ ಕಷ್ಟ ಅಂತ."

"ಐದು ವಾರದಲ್ಲಿ ಎಂತ ಆಗ್ತದೆ ಮಾರಾಯ್ತಿ? ಬೋರ್ಡ್ ಮುಗಿದ ದಿನವೇ ಬೇಕಾದಷ್ಟು ಎತ್ತಲಿ. ಈಗ ಎತ್ತಿದ್ರೆ ಎಲ್ಲ ಖಲಾಸ್."

ಕಾಗದದ ವಿಷಯದಲ್ಲಿ ನನ್ನೆದುರು ಯಾರೂ ಮಾತಾಡುತ್ತಿರಲಿಲ್ಲ. ತಮ್ಮನಂತೂ ನನ್ನ ಮಾತು ಮೀರಿದವನೇ ಅಲ್ಲ. ಅಪ್ಪ ಹೋದಾಗ ಅವನಿಗೆ ಏಳು ವರ್ಷ, ನನಗೆ ಹದಿನೇಳು. ಶಾಲೆಗೆ ಹೋಗು ಎಂದಾಗ ಹೋದ, ಶಾಲೆ ಬಿಡು ಎಂದಾಗ ಬಿಟ್ಟ, ಒಮಾನಿಗೆ ಬಾ ಎಂದಾಗ ಬಂದ. ಕೈ ಎತ್ತಬೇಡ ಎಂದೆ, ಎತ್ತಲಿಲ್ಲ.

ಫಿಸಿಯೋ ಹುಡುಗಿ ಕೇರಳದವಳು. ನಮ್ಮ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದಳು. "ಕೋಶಿಶ್ ಕರೋ ಭಯ್ಯಾ, ಥೋಡಾ ಔರ್" ಎಂದು ಅವನ ಮೊಣಕೈ ಕೆಳಗೆ ತನ್ನ ಅಂಗೈ ಹಿಡಿದು ಕಾಯುತ್ತಿದ್ದಳು. ತಮ್ಮ ನನ್ನ ಮುಖ ನೋಡುತ್ತಿದ್ದ. ನಾನು ಗೋಡೆಯ ಮೇಲಿನ ಚಾರ್ಟು ನೋಡುತ್ತಿದ್ದೆ. ಮನೆಯಲ್ಲಿ ಏನಾದರೂ ಅಲುಗಾಡಿದ್ದು ಕಂಡಿರಾ ಎಂದು ಅವಳು ಒಂದು ದಿನ ನನ್ನನ್ನೇ ಕೇಳಿದಳು. "ಕುಛ್ ನಹೀ" ಎಂದೆ. ಅವಳು ಬೇಸರದಿಂದ ತಲೆಯಾಡಿಸಿ ಬರೆದುಕೊಂಡಳು. ನನಗೆ ಸಮಾಧಾನವಾಯಿತು.

ಬೋರ್ಡಿನ ದಿನ ಭಾಷೆಗಾಗಿ ನನ್ನನ್ನೂ ಒಳಗೆ ಬಿಟ್ಟರು. ಮೂವರು ಡಾಕ್ಟರುಗಳಿದ್ದರು. ನಡುವೆ ಕೂತಿದ್ದ ವಯಸ್ಸಾದವರು ತಮ್ಮನ ಹತ್ತಿರ ಎದ್ದು ಬಂದು, ಕೈ ಎತ್ತು ಎಂದು ಅರಬ್ಬಿಯಲ್ಲಿ ಹೇಳಿ ನನ್ನ ಕಡೆ ನೋಡಿದರು. ನಾನು ಅದನ್ನು ಅವನಿಗೆ ದಾಟಿಸಬೇಕಿತ್ತು. ಅಲ್ಲಿ ಯಾರಿಗೂ ಬಾರದ ನಮ್ಮ ತುಳುವಿನಲ್ಲಿ, ಬಹಳ ಮೆತ್ತಗೆ, "ಎತ್ತಲಿಕ್ಕೆ ಹೇಳ್ತಿದ್ದಾರೆ, ನಾನು ಹೇಳಿದ್ದು ನೆನಪುಂಟಲ್ಲ" ಎಂದೆ. ಅವನು ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರು ಬಂತು. ಎತ್ತಲು ಹೆಣಗುತ್ತಿದ್ದನೋ, ಎತ್ತದಿರಲು ಹೆಣಗುತ್ತಿದ್ದನೋ ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ಕೈ ಮಡಿಲಲ್ಲೇ ಇತ್ತು. ಆ ಡಾಕ್ಟರು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು "ಅಲ್ಲಾಹ್ ಯಶ್ಫೀಕ್" ಎಂದರು. ದೇವರು ನಿನ್ನನ್ನು ಗುಣಪಡಿಸಲಿ ಎಂದು. ಅದನ್ನು ನಾನು ತಮ್ಮನಿಗೆ ದಾಟಿಸಲಿಲ್ಲ.

ಕಾರಿನಲ್ಲಿ ಕೂತ ಕೂಡಲೇ "ಸಾಕು, ಇನ್ನು ಎತ್ತು" ಎಂದೆ. ಅವನು ಪ್ರಯತ್ನಿಸಿದ. ಬರಲಿಲ್ಲ. ಸುಸ್ತಾಗಿರಬೇಕು, ನಾಳೆ ಬರುತ್ತದೆ ಎಂದೆ. ಮರುದಿನವೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಶೇಕಡಾ ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಬಂತು. ಸೂರ್‌ನಿಂದ, ಇಬ್ರಾದಿಂದ ನಮ್ಮ ಕಡೆಯವರ ಫೋನುಗಳು ಬಂದವು, ಭಲೇ ಎಂದರು. ಎರಡು ವಾರ ಆ ಹೊಗಳಿಕೆಯಲ್ಲೇ ಓಡಾಡಿಕೊಂಡಿದ್ದೆ. ಆಮೇಲೆ ಇನ್ಶೂರೆನ್ಸಿನವರ ಕಾಗದ ಬಂತು. ರೋಗಿಯಲ್ಲಿ ಯಾವ ಪ್ರಗತಿಯೂ ದಾಖಲಾಗಿಲ್ಲ, ಹಾಗಾಗಿ ಫಿಸಿಯೋಥೆರಪಿ ಮುಂದುವರಿಸಲು ಒಪ್ಪಿಗೆ ಇಲ್ಲ. ಕಾಗದ ಹಿಡಿದುಕೊಂಡು ಆಫೀಸಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಫೈಲು ಒಂದೇ. ಪರಿಹಾರ ಕೊಡುವವರು ಅದರಲ್ಲಿ ಏಳದ ಕೈಯನ್ನು ಹುಡುಕುತ್ತಾರೆ, ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಏಳುವ ಕೈಯನ್ನು ಹುಡುಕುತ್ತಾರೆ. ಇಪ್ಪತ್ತು ವರ್ಷ ಇದರಲ್ಲೇ ಮುಳುಗಿದ್ದವನಿಗೆ ಇಷ್ಟು ಹೊಳೆಯಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿಕೊಂಡು ಬಂದಿದ್ದರೆ ನಾನು ಅವರನ್ನು ಏನೆಂದು ಬಯ್ಯುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಫಿಸಿಯೋ ಹುಡುಗಿಯ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. "ಯಹೀ ತೋ ಟೈಮ್ ಥಾ ಭಯ್ಯಾ" ಎಂದಳು. ಇದೇ ಅಲ್ಲವೇ ಸಮಯ ಇದ್ದದ್ದು. ತಲೆಗೆ ಪೆಟ್ಟಾದವರಲ್ಲಿ ಮೊದಲ ತಿಂಗಳುಗಳಲ್ಲಿ ಅಲ್ಪಸ್ವಲ್ಪ ಮರಳಿ ಬರುತ್ತದಂತೆ, ಬಂದದ್ದನ್ನು ದಿನಾ ದುಡಿಸಿದರೆ ಉಳಿಯುತ್ತದಂತೆ. ಐದು ವಾರ ಬಿಟ್ಟದ್ದರಿಂದಲೇ ಹೋಯಿತು ಎಂದು ಹೇಳಲಾಗದು, ಹಾಗಲ್ಲ ಎಂದೂ ಹೇಳಲಾಗದು ಎಂದಳು. ಅವಳು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಬಯ್ಯಲಿಲ್ಲ. ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮಗಳನ್ನು ಒಂದೊಂದಾಗಿ ಚಿತ್ರ ಬರೆದು ಕೊಟ್ಟಳು.

ನಾನು ರಜೆ ಹಾಕಿ ಮನೆಯಲ್ಲೇ ಕೂತೆ. ಪರಿಹಾರದಲ್ಲಿ ಒಂದು ಪಾಲು ತೆಗೆದು ಖಾಸಗಿಯಾಗಿ ಒಬ್ಬ ಫಿಸಿಯೋನನ್ನೂ ಕರೆಸಿದೆ. ದಿನಾ ಬೆಳಿಗ್ಗೆ ತಮ್ಮನ ಮುಂದೆ ಕುರ್ಚಿ ಹಾಕಿಕೊಂಡು "ಎತ್ತು, ಎತ್ತು ಮಾರಾಯ, ಯಲ್ಲಾ" ಎನ್ನುತ್ತಿದ್ದೆ. ಒಮ್ಮೊಮ್ಮೆ ಕೂಗಿಬಿಡುತ್ತಿದ್ದೆ. ಅವನ ಹೆಂಡತಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಒಂದು ದಿನ ಅವಳು, "ಮಧ್ಯಾಹ್ನ ಇವರು ನಿದ್ದೆಯಲ್ಲಿದ್ದಾಗ ಬಲಗೈ ಎದೆಯ ಮೇಲಿತ್ತು ಭಾವ, ನಾನು ಇಟ್ಟದ್ದಲ್ಲ" ಎಂದಳು. ಅಂದಿನಿಂದ ನಾನು ಮಧ್ಯಾಹ್ನವೂ ಆ ಕುರ್ಚಿ ಬಿಡಲಿಲ್ಲ. ಎ.ಸಿ.ಯ ಗುಂಯ್ ಶಬ್ದದಲ್ಲಿ ಅವನು ನಿದ್ದೆ ಮಾಡುತ್ತಿದ್ದ, ನಾನು ಆ ಕೈಯನ್ನೇ ನೋಡುತ್ತಾ ಕೂತಿರುತ್ತಿದ್ದೆ. ಬೆರಳು ಮಿಸುಕಿದಂತೆ ಕಂಡರೆ ಬಾಗಿ ನೋಡುತ್ತಿದ್ದೆ. ಬರೀ ಉಸಿರಿಗೆ ಹೊದಿಕೆ ಆಡಿದ್ದು ಅಷ್ಟೇ.

ಒಂದು ಮಧ್ಯಾಹ್ನ ಅವನು ಎಚ್ಚರಗೊಂಡು, ನಾನು ಹಾಗೆ ಕೂತಿರುವುದನ್ನು ಕಂಡ. ಒಂದೊಂದೇ ಮಾತು ಜೋಡಿಸಿಕೊಂಡು ಹೇಳಿದ: "ಅಣ್ಣ, ನೀನು ಹೊರಗೆ ಹೋಗ್ತೀಯಾ? ನೀನು ಎದುರಿಗೆ ಇದ್ರೆ ಅದು ಬರುವುದಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಲು ಅವನಿಗೆ ನಾನು ಕಲಿಸಿಯೇ ಇರಲಿಲ್ಲ. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತೆ. ಒಳಗೆ ಅವನ ಹೆಂಡತಿ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಿರುವುದು ಕೇಳುತ್ತಿತ್ತು. ಏನಾಯಿತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವರು ಊರಿಗೆ ಹೋಗಿ ಈಗ ಎರಡು ವರ್ಷ ಕಳೆಯಿತು. ನನ್ನ ಕೆಲಸ ಅದೇ. ಕಾಗದಕ್ಕೆ ಸಹಿ ಹಾಕಲು ಡ್ರೈವರುಗಳು ಬಂದಾಗ ಅವರ ಬಲಗೈ ಮೇಜಿನ ಮೇಲೆ ಬರುವುದನ್ನು ನೋಡುತ್ತಾ ಪೆನ್ನು ಕೊಡುವುದನ್ನೇ ಮರೆಯುತ್ತೇನೆ. ಹೋದ ತಿಂಗಳು ಇಬ್ರಾದಿಂದ ಒಬ್ಬ ಹೆಂಗಸು ಫೋನ್ ಮಾಡಿದ್ದಳು, ಧಾರವಾಡದ ಕಡೆಯವಳು. ಗಂಡನಿಗೆ ಬೋರ್ಡ್ ಇತ್ತು. "ಅಣ್ಣಾರ, ಡಾಕ್ಟರ್ ಮುಂದ ಹೆಂಗಿರಬೇಕಂತ ಸ್ವಲ್ಪ ಹೇಳ್ರಿ" ಎಂದಳು. ಹೇಗಿದ್ದಾರೋ ಹಾಗೇ ಇರಲಿ ಎಂದು ಹೇಳಿ ಫೋನಿಟ್ಟೆ. ನಾನು ಏನೋ ಮುಚ್ಚಿಟ್ಟೆ ಎಂದುಕೊಂಡಿರಬೇಕು ಅವಳು.

ವಾರಕ್ಕೊಮ್ಮೆ ತಮ್ಮನಿಗೆ ವೀಡಿಯೋ ಕಾಲ್ ಮಾಡುತ್ತೇನೆ. ಫೋನು ಅವನ ಹೆಂಡತಿಯ ಕೈಯಲ್ಲಿರುತ್ತದೆ. ಅವನ ಮುಖ ಕಾಣುತ್ತದೆ, ಎಡ ಭುಜ ಕಾಣುತ್ತದೆ, ಬಲಗಡೆ ಯಾವತ್ತೂ ಕಾಣುವುದಿಲ್ಲ. ಮುಂದೆ ಎಂದಾದರೂ ಬೋರ್ಡಿನವರು ಮತ್ತೆ ಪರೀಕ್ಷೆಗೆ ಕರೆಯಬಹುದು ಎಂದು ಹೊರಡುವ ದಿನ ನಾನೇ ಅವಳಿಗೆ ಹೇಳಿದ್ದೆ. "ಕೈ ಏನಾದರೂ ಬಂತಾ?" ಎಂದು ಪ್ರತಿ ಸಲವೂ ಕೇಳುತ್ತೇನೆ.

"ಇಲ್ಲ ಭಾವ" ಎನ್ನುತ್ತಾಳೆ.

ಅವಳು ಸುಳ್ಳು ಹೇಳುತ್ತಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ.