ಎಡಕ್ಕೆ ವಾಲಿದ ಗೆರೆಗಳು

ಗುರುವಾಯನಕೆರೆಯ ಬಾಡಿಗೆ ಕೋಣೆಯಲ್ಲಿ ಹರಿಣಾಕ್ಷಿ ಹಳೆಯ ಟೂತ್‌ಬ್ರಶ್ಶಿನಿಂದ ಪೆಟ್ಟಿಗೆಯೊಂದರ ಒಣಕೆಸರು ಕೆರೆಯುತ್ತಿದ್ದಳು. ಕಂಬಳ ಮುಗಿದ ಮರುದಿನ ಅವಳ ಕೆಲಸ ಯಾವಾಗಲೂ ಇದೇ. ಓಟದ ಸಮಯ ಹಿಡಿಯುವ ಪೆಟ್ಟಿಗೆಗಳು ನಾಲ್ಕು. ಕೋಣಗಳನ್ನು ಬಿಡುವಲ್ಲಿ ಒಂದು, ಓಟದ ಎರಡು ದಾರಿಗಳಾದ ಮೂಡುಕರೆ, ಪಡುಕರೆಗಳ ಕೊನೆಯಲ್ಲಿ ಒಂದೊಂದು, ತೀರ್ಪುಗಾರರ ಚಪ್ಪರದಲ್ಲಿ ಇನ್ನೊಂದು. ಪ್ರತಿಯೊಂದಕ್ಕೂ ತನ್ನದೇ ಗಡಿಯಾರ. ಅವು ಒಂದಕ್ಕೊಂದು ಸಂದೇಶ ಕಳಿಸಿಕೊಂಡು ಗಡಿಯಾರ ಹೊಂದಿಸಿಕೊಳ್ಳುತ್ತವೆ. ಫಲಿತಾಂಶ ಆಗಿಂದಾಗಲೇ ಮೈಕಿಗೆ ಬರುತ್ತದೆ.

ಬ್ರಶ್ ಬದಿಗಿಟ್ಟು ಲ್ಯಾಪ್‌ಟಾಪಿನಲ್ಲಿ ಚಿತ್ರ ತೆರೆದಳು. ಮೂಡುಬಿದಿರೆಯಲ್ಲಿ ಓದುವಾಗ ಅವಳೇ ಬರೆದ ಪ್ರೋಗ್ರಾಂ ಬಿಡಿಸಿದ ಚಿತ್ರ ಅದು. ಪೆಟ್ಟಿಗೆಗೊಂದು ಉದ್ದ ಗೆರೆ, ಒಂದರಿಂದ ಇನ್ನೊಂದಕ್ಕೆ ಹೋದ ಪ್ರತಿ ಸಂದೇಶಕ್ಕೂ ಒಂದು ಓರೆ ಗೆರೆ. ಕಾಲ ಎಡದಿಂದ ಬಲಕ್ಕೆ ಸಾಗುವುದರಿಂದ ಓರೆ ಗೆರೆಗಳೂ ಬಲಕ್ಕೇ ವಾಲಬೇಕು. ಫೈನಲಿಗೆ ಸ್ವಲ್ಪ ಮೊದಲಿನಿಂದ ಪಡುಕರೆಯ ಪೆಟ್ಟಿಗೆಯಿಂದ ಹೊರಟವು ಎಡಕ್ಕೆ ವಾಲಿದ್ದವು, ಕಳಿಸುವ ಮೊದಲೇ ಸಂದೇಶ ತಲುಪಿದ ಹಾಗೆ. ನೀರು ಹೊಕ್ಕು ಆ ಪೆಟ್ಟಿಗೆಯ ಗಡಿಯಾರ ಹೊಂದಿಕೆ ತಪ್ಪಿ ಮುಂದೆ ಓಡಿತ್ತು.

ಫೈನಲಿನಲ್ಲಿ ಪಡುಕರೆಯಲ್ಲಿ ಓಡಿದ್ದು ಕೊಕ್ಕಡದ ಡೊಂಬಯ್ಯನವರ ಕೋಣಗಳು. ಓಡಿಸಿದವನು ವಸಂತ. ಸೋತದ್ದು ಸೆಕೆಂಡಿನ ನೂರರಲ್ಲಿ ಆರು ಪಾಲಿನಿಂದ. ಗಡಿಯಾರ ಮುಂದಿದ್ದದ್ದು ಹನ್ನೊಂದು ಪಾಲು. ಅಂದರೆ ನಿಜವಾಗಿ ಗೆದ್ದದ್ದು ಅವೇ. ಚಿಮ್ಮಿದ ಕೆಸರಿನಲ್ಲಿ ಯಾರ ಕಣ್ಣಿಗೂ ಏನೂ ತಿಳಿದಿರಲಿಲ್ಲ. "ಕೋಣ ಓಡಿತು, ನೀನು ನಡೆದೆ" ಎಂದು ಜನ ವಸಂತನನ್ನು ಹಂಗಿಸಿದ್ದರು. ಎದುರಿನವರ ಮಾತು ಕೇಳಿ ಬೇಕೆಂದೇ ನಿಧಾನಿಸಿದ್ದಾನೆಂದು ಡೊಂಬಯ್ಯ ಗದ್ದೆಯ ಬದಿಯಲ್ಲೇ ಅವನನ್ನು ಕೆಲಸದಿಂದ ಬಿಡಿಸಿದ್ದರು. ಅಂಥ ಮಾತು ಅಂಟಿದವನನ್ನು ಬೇರೆ ಯಜಮಾನರೂ ಕರೆಯುವುದಿಲ್ಲ.

ಹರಿಣಾಕ್ಷಿ ಕಂಬಳ ಸಮಿತಿಯ ಅಧ್ಯಕ್ಷರಾದ ಬಂಟ್ವಾಳದ ರುಕ್ಮಯ್ಯನವರಿಗೆ ಫೋನ್ ಮಾಡಿ, ಮುಂದಿನ ಕಂಬಳದಲ್ಲಿ ಇದನ್ನು ಮೈಕಿನಲ್ಲಿ ಹೇಳಿಬಿಡಬೇಕೆಂದು ಕೇಳಿಕೊಂಡಳು. ಅವರು ಸಿಟ್ಟು ಮಾಡಲಿಲ್ಲ.

"ನೀನು ಹೇಳುವುದು ಸರಿಯೇ ಮಾರಾಯ್ತಿ. ಆದರೆ ಒಂದು ತೀರ್ಪು ತಿದ್ದಿದರೆ ಈ ವರ್ಷ ಸೋತವರೆಲ್ಲ ಬರ್ತಾರೆ. ಪೆಟ್ಟಿಗೆ ಸರಿಮಾಡು, ಸಾಕು."

ಬಸ್ಸು ಹಿಡಿದು ಅವಳು ಕೊಕ್ಕಡಕ್ಕೆ ಹೋದಳು. ಕೋಣಗಳಿಗೆ ಎಣ್ಣೆ ತಿಕ್ಕುತ್ತಿದ್ದ ಡೊಂಬಯ್ಯ ಕೈ ಒರೆಸಿಕೊಂಡು ಚಿತ್ರ ನೋಡಿದರು, ಇನ್ನೊಮ್ಮೆ ಹೇಳಿಸಿಕೊಂಡರು. ಅರ್ಥವಾದದ್ದು ಮುಖದಲ್ಲಿ ಕಂಡಿತು.

"ಇದನ್ನು ಮೈಕಿನಲ್ಲಿ ಹೇಳ್ತಾರಾ?"

"ಇಲ್ಲ ಡೊಂಬಯ್ಯಣ್ಣ."

"ಹಾಗಾದ್ರೆ ನನಗೊಬ್ಬನಿಗೆ ಗೊತ್ತಾಗಿ ಏನುಂಟು? ಈಗ ಅವನನ್ನು ಕರೆದರೆ, ಡೊಂಬಯ್ಯನೂ ಅವನೊಟ್ಟಿಗೆ ಸೇರಿದ್ದ ಅಂತಾರೆ ಜನ."

ಅವರು ಮತ್ತೆ ಎಣ್ಣೆಯ ತಟ್ಟೆಗೆ ಕೈ ಹಾಕಿದರು.

ವಸಂತ ಸಿಕ್ಕಿದ್ದು ರಬ್ಬರ್ ತೋಟದಲ್ಲಿ, ಮರದ ಹಾಲಿನ ಬಕೆಟ್ ಹೊತ್ತುಕೊಂಡು. ಎಡಕ್ಕೆ ವಾಲಿದ ಗೆರೆಗಳನ್ನು ಬಹಳ ಹೊತ್ತು ನೋಡಿದ. ಯಾರನ್ನೂ ಬಯ್ಯಲಿಲ್ಲ.

"ಇದನ್ನು ನನ್ನ ಮೊಬೈಲಿಗೆ ಹಾಕ್ತೀರಾ ಅಕ್ಕ? ಅಮ್ಮನಿಗೆ ತೋರಿಸ್ತೇನೆ. ಅವರೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ."

ಅವಳು ಅಲ್ಲೇ ನಿಂತು ಕಳಿಸಿದಳು.

ಬರುವ ಶನಿವಾರದ ಕಂಬಳಕ್ಕೆ ಪಡುಕರೆಯಲ್ಲಿ ಹೊಸ ಪೆಟ್ಟಿಗೆ ಇರುತ್ತದೆ. ಡೊಂಬಯ್ಯನವರ ಕೋಣಗಳನ್ನು ಓಡಿಸಲು ಬೇರೆ ಓಟಗಾರನನ್ನು ಗೊತ್ತುಮಾಡಿದ್ದಾರೆ.