ಅಟ್ಟದ ಕೌದಿಗಳು

ಜರ್ಮನಿಯ ಸಿಂಡೆಲ್‌ಫಿಂಗೆನ್ ಹತ್ತಿರ ನಾವು ಕೊಂಡ ಹಳೆಯ ಮನೆಯಲ್ಲಿ ಮಗಳ ಕೋಣೆ ಮೇಲ್ಮಹಡಿಯಲ್ಲಿದೆ. ಅದರ ನೆತ್ತಿಯ ಮೇಲೆಯೇ ಅಟ್ಟ. ಚಳಿಗಾಲ ಮುಗಿದರೂ ಅವಳ ಕೆಮ್ಮು ನಿಲ್ಲಲಿಲ್ಲ. ಮನೆಯಲ್ಲಿ ತೇವವಿದೆಯೇ ನೋಡಿಸಿ ಎಂದರು ಡಾಕ್ಟರು. ಹಾಗಾಗಿ ಮನೆ ಪರೀಕ್ಷಿಸುವ ಗುಟಾಖ್ಟರ್ ಒಬ್ಬರನ್ನು ಕರೆಸಿದೆವು.

ಅವರ ಹಿಂದೆಯೇ ನಾನೂ ಏಣಿ ಹತ್ತಿದೆ. ಟಾರ್ಚಿನ ಬೆಳಕಿನಲ್ಲಿ ತೊಲೆಗಳ ಮೇಲೆಲ್ಲ ಕಪ್ಪು ಬೂಷ್ಟು, ಚಳಿ ತಡೆಯಲು ಹಾಸಿದ ಗಾಜಿನುಣ್ಣೆ ತೊಯ್ದು ಕುಸಿದಿದೆ, ಮೂಲೆಯಲ್ಲಿ ಇಲಿ ಹಿಕ್ಕೆ. ಹಳೇ ಮನೆಗಳಲ್ಲಿ ಇವೆಲ್ಲ ಇದ್ದದ್ದೇ, ಹಂಚು ಜರುಗಿ ನೀರಿಳಿದಿರುತ್ತದೆ ಎಂದರು. ನೋಡಿದರೆ ಹಂಚುಗಳೆಲ್ಲ ನೆಟ್ಟಗಿದ್ದವು. ಕೊನೆಗೆ ಸೂರಿನಂಚಿನಲ್ಲಿ ಗಾಳಿಯಾಡಲು ಬಿಟ್ಟಿದ್ದ ಸಂದಿಗೆ ಕೈಹಾಕಿ, ಉದ್ದನೆಯ ಬಟ್ಟೆಯ ಪಟ್ಟಿಯೊಂದನ್ನು ಎಳೆದು, ಇದೇನು ಎಂದು ನನ್ನ ಮುಖ ನೋಡಿದರು.

ಅದು ಕೌದಿ. ಇಳಕಲ್ ಸೀರೆಯ ಅಂಚು ಕಂಡ ಕೂಡಲೇ ಅತ್ತೆಯವರ ಕೈ ಗುರುತು ಸಿಕ್ಕಿತು. ಚಳಿಗಾಲಕ್ಕೆ ಬಾಗಲಕೋಟೆಯಿಂದ ಬಂದು ನಮ್ಮೊಂದಿಗಿದ್ದಾಗ, ಮೊಮ್ಮಗಳ ಕೋಣೆಗೆ ಮೇಲಿನಿಂದ ಥಂಡಿ ಇಳಿಯುತ್ತದೆಂದು ಗೊಣಗುತ್ತಲೇ ಇದ್ದರು. ನಾವು ಆಫೀಸಿಗೆ ಹೋದಾಗ ಒಂದೊಂದು ಸಂದಿಯ ಅಳತೆ ತೆಗೆದು, ತಮ್ಮ ಹಳೆಯ ಸೀರೆ ಹರಿದು, ಹೊಲಿದು ತುರುಕಿದ್ದಾರೆ. ಕೌದಿ ಹಸಿದಿರಬಾರದೆಂದು ಮೂಲೆಯಲ್ಲಿ ನಾಲ್ಕು ಕಾಳು ಜೋಳ ಇಟ್ಟು ಹೊಲಿಯುವುದು ಅವರ ಪದ್ಧತಿ. ಇಲಿಗಳು ಬಂದದ್ದು ಆ ಜೋಳಕ್ಕೆ. ಸಂದಿ ಮುಚ್ಚಿದ್ದರಿಂದ ಹೊರಹೋಗಲು ದಾರಿಯಿಲ್ಲದೆ ನಮ್ಮ ಅಡುಗೆಯ, ಸ್ನಾನದ ಹಬೆಯೆಲ್ಲ ತೊಲೆಗಳಲ್ಲಿ ಕೂತು ಬೂಷ್ಟಾಗಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಯಾರನ್ನು ಕೇಳಿ ಮಾಡಿದರು? ಮೊಣಕಾಲು ನೋವೆಂದು ದೇವರ ಮುಂದೆ ಕೂರಲೂ ಕುರ್ಚಿ ಕೇಳುವವರು ಆ ಏಣಿಯನ್ನಾದರೂ ಹೇಗೆ ಹತ್ತಿದರೋ, ಆ ದೇವರಿಗೇ ಗೊತ್ತು.

ಪಟ್ಟಿಗಳನ್ನೆಲ್ಲ ಕಿತ್ತು ಕಸಕ್ಕೆ ಹಾಕಿದೆವು, ತೊಲೆಗಳನ್ನು ಉಜ್ಜಿಸಿದೆವು. ಕೆಮ್ಮು ನಿಧಾನವಾಗಿ ಇಳಿಯಿತು. ಅಮ್ಮನಿಗೆ ಹೇಳುವುದು ಬೇಡ ಎಂದರು ನನ್ನ ಗಂಡ. ಅಷ್ಟರಲ್ಲಿ ನನ್ನ ಸಿಟ್ಟೂ ಇಳಿದಿತ್ತು, ಒಪ್ಪಿದೆ. ಆದರೆ ಮುಂದಿನ ಚಳಿಗಾಲಕ್ಕೆ ಅವರು ಮತ್ತೆ ಬರುವವರಿದ್ದರು. ಒಂದು ಸಂಜೆ ವೀಡಿಯೋ ಕಾಲ್ ಮಾಡಿದಾಗ ಅತ್ತೆಯವರ ಮಡಿಲ ತುಂಬ ಸೀರೆಯ ತುಂಡುಗಳು. ನಿಮ್ಮ ಅಟ್ಟಕ್ಕೆ ಈ ಸಲ ಇನ್ನೂ ದಪ್ಪಗೆ ಹೊಲಿದು ತರುತ್ತೇನೆ, ಕೂಸಿಗೆ ಎಳ್ಳಷ್ಟೂ ಗಾಳಿ ತಾಗಬಾರದು ಎಂದರು. ನನ್ನ ಗಂಡ ಎದ್ದು ಅಡುಗೆಮನೆಗೆ ಹೋದರು.

"ಬ್ಯಾಡ್ರಿ ಅತ್ತಿ," ಎಂದೆ. "ಅಲ್ಲಿ ಗಾಳಿ ಆಡಬೇಕಂತ್ರಿ. ಸಂದಿ ಬಂದ್ ಆಗಿದ್ದಕ್ಕ ಬೂಷ್ಟು ಹಿಡದು ಕೂಸಿಗೆ ಕೆಮ್ಮು ಹತ್ತಿತ್ತು."

ಅವರ ಸೂಜಿ ನಿಂತಿತು. ಬೈದಿದ್ದರೂ, ಅತ್ತಿದ್ದರೂ ನನಗೆ ಹಗುರಾಗುತ್ತಿತ್ತು. ಒಂದೇ ಮಾತು ಕೇಳಿದರು.

"ಕೂಸಿಗೆ ಗೊತ್ತೈತೇನವಾ?"

"ಇಲ್ರಿ."

"ಹೇಳಬ್ಯಾಡ," ಎಂದು ಸೀರೆಯ ತುಂಡುಗಳನ್ನು ಒಂದೊಂದಾಗಿ ಮಡಚತೊಡಗಿದರು.